ಎದೆ ಮೇಲಿನ ಕೊಕ್ಕರೆ

ಮಾರ್ಚ್ 3

ಇವತ್ತು ಆರು ಜನ ಬಂದಿದ್ದರು, ಆರೂ ಕೊಕ್ಕರೆ. ಇದೇ ಕುರ್ಚಿಯಲ್ಲಿ ಕೂರಿಸಿ ಇದೇ ಕೈಯಿಂದ ಹಾಕಿದ ಹಚ್ಚೆಗಳನ್ನು ಈಗ ಇದೇ ಕೈಯಿಂದ ಮುಚ್ಚುತ್ತಿದ್ದೇನೆ. ಮುಚ್ಚುವುದಕ್ಕೆ ಎಲೆ, ಮೀನು, ಹಡಗು, ಸತ್ತ ಅಜ್ಜಿಯ ಮುಖ, ಏನಾದರೂ ಸರಿ. ಒಬ್ಬ ಕಂಡಕ್ಟರಿಗೆ ಹೆಗಲ ಮೇಲೆ ಕುಂಬಳಕಾಯಿ ಬರೆದೆ. "ಕುಂಬಳಕಾಯಿನಾ?" ಅಂತ ಮುಖ ಹಿಂಡಿದ. "ಜೀವ ಉಳಿಸೋ ಕುಂಬಳಕಾಯಿ ಕಣಯ್ಯಾ, ಸುಮ್ನೆ ಕೂತ್ಕೋ" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನಂತೂ ಇನ್ನು ಜೀವಮಾನವಿಡೀ ಮುಟ್ಟಿ ನೋಡಿಕೊಳ್ಳಬೇಕು.

ಹೊಸ ಸರ್ಕಾರ ಬಂದು ಆರು ವಾರವಾಯಿತು. ಹಳೆಯ ಕೊಕ್ಕರೆ ಬಾವುಟ ರದ್ದು. ಮನೆಯಲ್ಲಿ, ಗಾಡಿಯ ಮೇಲೆ, ಮೈಮೇಲೆ ಎಲ್ಲೇ ಇದ್ದರೂ ಅದು ದ್ರೋಹ. ಸರ್ಕಾರಿ ನೌಕರರನ್ನೆಲ್ಲ ಇಲಾಖೆವಾರು ಸಾಲಾಗಿ ನಿಲ್ಲಿಸಿ ಅಂಗಿ ಬಿಚ್ಚಿಸಿ ನೋಡುತ್ತಿದ್ದಾರೆ. ಟ್ರಾಮ್ ಡಿಪೋದಲ್ಲಿ ಸಿಕ್ಕಿಬಿದ್ದ ಹದಿನಾಲ್ಕು ಜನ ಇನ್ನೂ ಮನೆಗೆ ಬಂದಿಲ್ಲ. ಅಗ್ನಿಶಾಮಕ ಠಾಣೆಯವರ ಸರದಿ ಇಪ್ಪತ್ನಾಲ್ಕಕ್ಕೆ.

ನನ್ನ ತಮ್ಮ ಅಲ್ಲಿದ್ದಾನೆ. ಅವನ ಎದೆಯ ಮೇಲೆ, ಎಡಗಡೆ, ಅಂಗೈ ಅಗಲದ ಬಾವುಟ. ಹಾಕಿದವನು ನಾನೇ.

ಮಾರ್ಚ್ 4

ತಮ್ಮನ ಮನೆಗೆ ಹೋಗಿ, "ನಾಳೆ ಅಂಗಡಿಗೆ ಬಾ, ಎರಡು ಗಂಟೆ ಕೆಲಸ" ಅಂದೆ. ಬರಲ್ಲ ಅಂದ. "ಅದೊಂದು ಬಟ್ಟೆ ತುಂಡಿನ ಚಿತ್ರ ಕಣೋ" ಅಂದೆ.

"ನಿಂಗೆ ಬಟ್ಟೆ ತುಂಡು ಅಣ್ಣ. ನನಗಲ್ಲ."

ಅವನು ಹೇಳುವುದು ಹತ್ತಿ ಗೋದಾಮಿನ ಬೆಂಕಿಯ ಮಾತು. ಒಂಬತ್ತು ವರ್ಷದ ಹಿಂದೆ ಒಳಗೆ ಹೋದ ಹನ್ನೊಂದು ಜನರಲ್ಲಿ ಮೂವರು ಹೊರಗೆ ಬರಲಿಲ್ಲ. ಮೂರು ಪೆಟ್ಟಿಗೆಗಳ ಮೇಲೂ ಬಾವುಟ ಹೊದಿಸಿದ್ದರು. ಉಳಿದ ಎಂಟು ಮಂದಿ ಮರುದಿನ ಮಸಿ ಮೆತ್ತಿದ ಮುಖದಲ್ಲೇ ನನ್ನ ಅಂಗಡಿಗೆ ಬಂದು, "ಆಳವಾಗಿ ಹಾಕು, ಎಂದೂ ಮಾಸಬಾರದು" ಅಂದಿದ್ದರು. ಹಾಗೇ ಹಾಕಿದೆ.

"ಅದು ಸರ್ಕಾರದ್ದಲ್ಲ, ಆ ಮೂರು ಜನದ್ದು. ಸರ್ಕಾರ ಬದಲಾದ್ರೆ ಸತ್ತೋರೂ ಬದಲಾಗ್ತಾರಾ?" ಅಂತ ಕೇಳುತ್ತಾನೆ. ದೊಡ್ಡ ಮಾತು. ಹೆಂಡತಿಗೆ ಏಳು ತಿಂಗಳು ತುಂಬಿದೆ ಅನ್ನುವುದು ಮಾತ್ರ ಈ ಮಹಾನುಭಾವನ ತಲೆಗೆ ಹೋಗುವುದಿಲ್ಲ. ಕತ್ತೆ.

ಮಾರ್ಚ್ 6

ಅಮ್ಮನ ಕೈಲಾದರೂ ಹೇಳಿಸೋಣ ಅಂತ ಹೋದರೆ ಅಮ್ಮ ಪುರಾಣ ಬಿಚ್ಚಿದಳು. ಬಾವುಟ ಹೊಲಿಯುವ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಹೊಲಿಗೆ ಹಾಕಿದವಳು. ಇವಳು ಕಂಡದ್ದು ಮೂರು ಬಾವುಟ. ಮೊದಲನೆಯದು ರಾಜನ ಕಾಲದ್ದು, ನೀಲಿ, ಮೇಲೊಂದು ಕೋಟೆ. ರಾಜ ಓಡಿಹೋದ ವಾರ ಕಾರ್ಖಾನೆಯ ಹೆಂಗಸರೆಲ್ಲ ಉಳಿದ ಬಟ್ಟೆಯಲ್ಲಿ ದಿಂಬಿನ ಚೀಲ ಹೊಲಿದುಕೊಂಡರಂತೆ. "ನಿನ್ನ ಮೊದಲನೇ ಚಡ್ಡಿ ಅದೇ ನೀಲಿದು ಕಣೋ, ಹಿಂದ್ಗಡೆ ಅರ್ಧ ಕೋಟೆ ಇತ್ತು" ಅಂತ ನಗುತ್ತಾಳೆ. ದೇಶದ ಗತಿ ಹೀಗಿರುವಾಗ ಇವಳಿಗೆ ನನ್ನ ಚಡ್ಡಿಯ ಚಿಂತೆ.

ಎರಡನೆಯದೇ ಕೊಕ್ಕರೆ. ಮೇಲೆ ಕಪ್ಪು, ಕೆಳಗೆ ಹಳದಿ, ನಡುವೆ ಒಂಟಿ ಕಾಲಲ್ಲಿ ನಿಂತ ಬಿಳಿ ಕೊಕ್ಕರೆ. ಕಪ್ಪು ನಮ್ಮ ಮಣ್ಣು, ಹಳದಿ ನಮ್ಮ ಬೆಳೆ, ಒಂಟಿ ಕಾಲು ನಮ್ಮ ತಾಳ್ಮೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ತಪ್ಪು ಹೇಳಿದರೆ ಬೆತ್ತ.

"ಮಣ್ಣೂ ಇಲ್ಲ, ಮಸಿಯೂ ಇಲ್ಲ" ಅಂದಳು ಅಮ್ಮ. "ಶುಕ್ರವಾರ ಬಂದು ಸೋಮವಾರಕ್ಕೆ ನೂರು ಬಾವುಟ ಬೇಕು ಅಂದ್ರು. ಬಣ್ಣದ ಮನೇಲಿ ಇದ್ದಿದ್ದು ಕಪ್ಪು, ಹಳದಿ ಎರಡೇ. ಕೊಕ್ಕರೆಗೆ ಎರಡನೇ ಕಾಲು ಹೊಲಿಯೋಕೆ ಹೊತ್ತಿರಲಿಲ್ಲ. ತಾಳ್ಮೆ ಅಂತೆ ತಾಳ್ಮೆ! ನಾವು ತಿನ್ನೋಕೂ ಎದ್ದಿರಲಿಲ್ಲ ಮೂರು ದಿನ."

"ನೋಡು, ಇದನ್ನೇ ಅವನಿಗೆ ಹೇಳು" ಅಂದೆ. "ಅರ್ಥವೇ ಇಲ್ಲದ್ದಕ್ಕೆ ಪ್ರಾಣ ಕೊಡ್ತಾನಂತೆ."

ಅಮ್ಮ ನಗು ನಿಲ್ಲಿಸಿದಳು. "ಹೊಲಿಯೋವಾಗ ಇರಲ್ಲ ಮಗಾ. ಹೊದಿಸೋವಾಗ ಬರುತ್ತೆ" ಅಂದಳು. ತಾಯಿಯೂ ಕಿರಿಮಗನ ಕಡೆಯೇ.

ಮೂರನೆಯದು ಈಗಿನದು. ಬೂದಿ ಬಣ್ಣ, ಮಧ್ಯೆ ಕೆಂಪು ಚೌಕ. ಅದರ ಅರ್ಥ ಇನ್ನೂ ಪಾಠಪುಸ್ತಕದಲ್ಲಿ ಅಚ್ಚಾಗಿಲ್ಲ.

ಮಾರ್ಚ್ 7

ಠಾಣೆಯ ಉಳಿದ ಏಳೂ ಜನ ಒಟ್ಟಿಗೆ ಬಂದರು, ತಮ್ಮನೊಬ್ಬನನ್ನು ಬಿಟ್ಟು. ಕರೆತಂದವನು ಅವರ ಹಿರಿಯ. ಅವನನ್ನು ಊರೆಲ್ಲ ಕರೆಯುವುದು ಏಣಿ ಮಾವ ಅಂತ. ಐವತ್ತೇಳು ವಯಸ್ಸಾದರೂ ಏಣಿ ಮೇಲೆ ಕಾಲಿಟ್ಟರೆ ಅಳಿಲು.

"ಓಡಿಹೋಗಬಾರದಾ?" ಅಂತ ಕೇಳಿದೆ.

"ನಾವು ಓಡಿದ್ರೆ ಹೆಂಡ್ತಿ ಮಕ್ಳನ್ನ ಹಿಡಿದು ಕೂರಿಸ್ತಾರೆ. ಬಾಯ್ಮುಚ್ಚಿ ಬರಿ" ಅಂದ.

ಇಂಥ ಮುಚ್ಚುವ ಕೆಲಸವನ್ನು ಎರಡು ಸಲಕ್ಕೆ ಮಾಡಬೇಕು, ನಡುವೆ ಮೂರು ವಾರ ಬಿಟ್ಟು. ಅಷ್ಟು ದಿನ ಎಲ್ಲಿದೆ? ಬೆಳಗ್ಗೆ ಏಳಕ್ಕೆ ಶುರು ಮಾಡಿ ರಾತ್ರಿ ಹತ್ತರ ಹೊತ್ತಿಗೆ ಏಳೂ ಎದೆ ಒಂದೇ ಸಲಕ್ಕೆ ಮುಗಿಸಿದೆ. ದಟ್ಟ ಹಸಿರು, ಕಪ್ಪು, ಅಗಲ ಎಲೆಗಳು. ಬೆರಳು ಮಡಚಲು ಬರುತ್ತಿಲ್ಲ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಇಳಿದು ಬಂದು, "ಇವತ್ತು ನಿಮ್ಮಲ್ಲೇ ಜಾಸ್ತಿ ಕೂಗಾಟ" ಅಂತ ತಮಾಷೆ ಮಾಡಿ ಹೋದರು.

ಹೋಗುವಾಗ ಏಣಿ ಮಾವ, "ನಿನ್ನ ತಮ್ಮನ ಮೇಲೆ ಸಿಟ್ಟು ಮಾಡ್ಕೋಬೇಡ" ಅಂದ. ಮಾಡಿಕೊಳ್ಳದೆ ಮತ್ತೇನು ಪೂಜೆ ಮಾಡಲೇ?

ಮಾರ್ಚ್ 12

ತಮ್ಮನ ಹೆಂಡತಿ ಅಂಗಡಿಗೇ ಬಂದಳು. ಆ ಹೊಟ್ಟೆ ಹೊತ್ತುಕೊಂಡು, ಎರಡು ಬಸ್ಸು ಬದಲಾಯಿಸಿ. ಕುರ್ಚಿಯಲ್ಲಿ ಕೂತವಳು ಸ್ವಲ್ಪ ಹೊತ್ತು ಗೋಡೆಯ ಚಿತ್ರಗಳನ್ನೇ ನೋಡುತ್ತಿದ್ದಳು.

"ಭಾವ, ಅವರು ಮಲಗಿರೋವಾಗ ಹಾಕೋಕಾಗಲ್ವಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮೊದಲ ಚುಚ್ಚಿಗೇ ಎದ್ದು ನನ್ನ ಮೂಗು ಮುರೀತಾನಮ್ಮ" ಅಂದೆ. ಅವಳು ನಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನನಗೆ ಸಮಾಧಾನ ಹೇಳುವ ವಿದ್ಯೆ ಬರುವುದಿಲ್ಲ. ಒಂದು ಲೋಟ ನೀರು ಕೊಟ್ಟೆ, ಫ್ಯಾನು ಅವಳ ಕಡೆ ತಿರುಗಿಸಿದೆ.

ಮಧ್ಯಾಹ್ನ ಠಾಣೆಗೇ ಹೋಗಿ ತಮ್ಮನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಕಾಲು ಹಿಡಿಯುತ್ತೇನೆ ಅಂದೆ. ಹಿಡಿದೂ ಹಿಡಿದೆ, ಹಿರಿಯ ಅನ್ನುವ ನಾಚಿಕೆ ಬಿಟ್ಟು. ಅವನು ನನ್ನನ್ನು ಎತ್ತಿ ನಿಲ್ಲಿಸಿ ಮಂಡಿಯ ಮಣ್ಣು ಒರೆಸಿದ. "ನೀನು ಹಾಕಿದ್ದೇ ಅಲ್ವಾ ಅಣ್ಣ, ಚೆನ್ನಾಗಿ ಬಂದಿದೆ ಬಿಡು" ಅಂದ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಹನ್ನೆರಡು ದಿನ ಉಳಿದಿದೆ.

ಮಾರ್ಚ್ 17

ಠಾಣೆಯ ಏಳು ಜನರಲ್ಲಿ ಉದ್ದಕ್ಕೆ, ತೆಳ್ಳಗೆ ಇರುವವನು ಒಬ್ಬ. ಅವನ ಹೆಸರು ಪೈಪು. ಗಾಯದ ಹಕ್ಕಳೆ ಉದುರಿದೆ, ನೋಡು ಅಂತ ಬಂದಿದ್ದ. ನೋಡಿದರೆ ಒಳ್ಳೇ ಕೆಲಸ. ಎಲೆ, ಎಲೆಯ ಕೆಳಗೆ ಎಲೆ, ಕೊಕ್ಕರೆಯ ಸುಳಿವಿಲ್ಲ. ಬೆನ್ನು ತಟ್ಟಿಕೊಳ್ಳುವಷ್ಟು ಹಿಗ್ಗಾಯಿತು. ಎಣ್ಣೆ ಹಚ್ಚೋಣ ಅಂತ ಕೈಯಾಡಿಸಿದೆ.

ಬೆರಳಿಗೆ ಕೊಕ್ಕು ಸಿಕ್ಕಿತು.

ಕೊಕ್ಕು, ಕತ್ತು, ಬೆನ್ನು, ಒಂದು ಕಾಲು. ಕಣ್ಣು ಮುಚ್ಚಿಕೊಂಡು ಸವರಿದರೂ ಬಾವುಟದ ನಾಲ್ಕು ಅಂಚು ತಿಳಿಯುತ್ತದೆ. ಆಳವಾಗಿ ಹಾಕು ಅಂದಿದ್ದರಲ್ಲ, ಹಾಕಿದ್ದೆ. ಸೂಜಿ ಅಷ್ಟು ಆಳಕ್ಕೆ ಹೋದರೆ ಚರ್ಮ ಉಬ್ಬುತ್ತದೆ, ಎಂದಿಗೂ ಇಳಿಯುವುದಿಲ್ಲ. ಕಂಡಕ್ಟರಿಗೋ ಗುಮಾಸ್ತನಿಗೋ ನಾನು ಹಾಗೆ ಹಾಕಿದವನಲ್ಲ. ಈ ಎಂಟು ಮಂದಿಗೆ ಮಾತ್ರ, ಅವರ ಕಣ್ಣೀರು ನೋಡಿ ನನ್ನ ಕೈ ಭಾರವಾಗಿತ್ತು. ಬಣ್ಣದ ಮೇಲೆ ಬಣ್ಣ ಬಳಿದೆ, ಉಬ್ಬನ್ನು ಮರೆತೇಬಿಟ್ಟೆ. ಇಪ್ಪತ್ತೇಳು ವರ್ಷದ ಕಸುಬು!

ಪೈಪು, "ಎಲ್ಲಾ ಸರಿ ಇದೆ ಅಲ್ವಾ?" ಅಂದ. ಸರಿ ಇದೆ ಅಂದುಬಿಟ್ಟೆ.

ಮಾರ್ಚ್ 18

ಕೈಯಿಂದ ಸವರಿ ನೋಡುವವರು ಯಾರಿದ್ದಾರೆ, ಕಣ್ಣಿಗೆ ಕಂಡರೆ ತಾನೆ ಅಂತ ಸಮಾಧಾನ ಮಾಡಿಕೊಂಡಿದ್ದೆ. ಬೆಳಗ್ಗೆ ಹಲ್ಲಿನ ಡಾಕ್ಟರು ಇಳಿದು ಬಂದು ಅದನ್ನೂ ಕಿತ್ತುಕೊಂಡರು. ತಪಾಸಣೆ ಮಾಡುವ ಅಧಿಕಾರಿಯೊಬ್ಬ ನಿನ್ನೆ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದನಂತೆ. ಜಂಬ ಕೊಚ್ಚಿಕೊಂಡನಂತೆ: "ಮುಚ್ಚಿಸ್ಕೊಂಡ್ರೆ ನಮಗೆ ಗೊತ್ತಾಗಲ್ವಾ ಡಾಕ್ಟ್ರೇ? ಟಾರ್ಚನ್ನ ಎದೆಗೆ ಒರಗಿಸಿ ಅಡ್ಡ ಹಿಡಿದ್ರೆ ಸಾಕು, ಒಳಗಿಂದ ಎದ್ದು ಬರುತ್ತೆ."

ಅಂಗಡಿ ಬಾಗಿಲು ಹಾಕಿ ನನ್ನ ಟಾರ್ಚನ್ನು ಮೇಜಿನ ಮರಕ್ಕೆ ಅಡ್ಡ ಹಿಡಿದು ನೋಡಿದೆ. ಮರದ ಒಂದೊಂದು ಗೀರೂ ಗೋಡೆಯಷ್ಟು ಎದ್ದು ನಿಂತಿತು.

ಮಾರ್ಚ್ 20

ಇನ್ನು ಮುಚ್ಚಿಟ್ಟರೆ ಅನ್ನ ತಿಂದ ಬಾಯಿಗೆ ಮಣ್ಣು. ಠಾಣೆಗೆ ಹೋಗಿ ಏಣಿ ಮಾವನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ತನ್ನ ಎದೆ ತಾನೇ ಸವರಿಕೊಂಡು, "ಹ್ಞೂಂ, ಸಿಗುತ್ತೆ" ಅಂದ. ಎಲ್ಲರನ್ನೂ ಕರೆದ. ಪೈಪು, ಗುಂಡ, ಗೊರಕೆ, ಮೌನಿ, ಅವಳಿ ಅಣ್ಣ, ಅವಳಿ ತಮ್ಮ. ನನ್ನ ತಮ್ಮನೂ ಬಂದ. ಇಷ್ಟು ದಿನ ನಾನು ಏಳು ಎದೆ ಅಂತ ಲೆಕ್ಕ ಇಟ್ಟಿದ್ದೆ, ಇವತ್ತು ಮುಖ ನೋಡಲೇಬೇಕಾಯಿತು.

"ಸುಟ್ಟುಬಿಟ್ರೆ?" ಅಂದ ಗುಂಡ. "ನಮ್ಮಂಥೋರ ಮೈಮೇಲೆ ಸುಟ್ಟ ಗಾಯ ಇದ್ರೆ ಯಾರು ಕೇಳ್ತಾರೆ?"

ಎಲ್ಲರ ಮುಖದಲ್ಲೂ ಒಂದು ಕ್ಷಣ ಬೆಳಕು ಬಂತು. ಏಣಿ ಮಾವ ತಲೆಯಾಡಿಸಿದ. "ಒಬ್ಬಂದಾದ್ರೆ ಅಪಘಾತ. ಎಂಟು ಜನದ್ದು, ಒಂದೇ ವಾರದಲ್ಲಿ, ಒಂದೇ ಜಾಗದಲ್ಲಿ? ಅವರೇನು ಹುಲ್ಲು ತಿಂತಾರಾ? ಎಂಟೂ ಮನೆ ಎಳ್ಕೊಂಡು ಹೋಗ್ತಾರೆ."

ಒಬ್ಬನಿಗೆ ಮಾತ್ರ ದಾರಿ ಇದೆ ಅಂತ ಎಲ್ಲರಿಗೂ ತಿಳಿಯಿತು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ತಮ್ಮನ ಹೆಸರೇ ಬರುತ್ತಿತ್ತು. ಏಣಿ ಮಾವನೇ ಹೇಳಿದ, ನನ್ನ ತಮ್ಮನನ್ನು ತೋರಿಸಿ: "ಇವನು."

ತಮ್ಮ ಬೆಂಕಿಯಾದ. ಎಲೆ ಮುಚ್ಚಿಸಿಕೊಳ್ಳಲೂ ಒಪ್ಪದವನು ಸುಡಿಸಿಕೊಳ್ಳುತ್ತಾನಾ? "ಆ ಮೂರು ಜನರನ್ನ ಅಳಿಸಿ, ನಿಮ್ಮ ಏಳು ಜನರನ್ನ ಬಿಟ್ಟು, ನಾನು ಬದುಕಬೇಕಾ?" ಅಂತ ಕೂಗಾಡಿದ.

ಇವರಲ್ಲೊಂದು ಪದ್ಧತಿ ಇದೆ. ಎಂಥ ಬೆಂಕಿಯಾದರೂ ಎಲ್ಲರೂ ಒಳಗೆ ಹೋಗುವಂತಿಲ್ಲ. ಒಬ್ಬ, ಹೋದವರ ಸೊಂಟದ ಹಗ್ಗ ಹಿಡಿದು ಹೊರಗೇ ನಿಲ್ಲಬೇಕು. ಅವನನ್ನು ಹೊರಗಿನ ಆಳು ಅನ್ನುತ್ತಾರೆ. ಯಾರು ನಿಲ್ಲಬೇಕು ಅಂತ ಹಿರಿಯ ಹೇಳುತ್ತಾನೆ, ಎದುರು ಮಾತಿಲ್ಲ. ಒಳಗಿನವರು ಬಾರದಿದ್ದರೆ ಅವರ ಮನೆಗಳಿಗೆ ಹೋಗಿ ಹೇಳುವುದೂ ಅವನ ಕೆಲಸವೇ.

"ಈ ಸಲ ನೀನು ಹೊರಗಿನ ಆಳು" ಅಂದ ಏಣಿ ಮಾವ. "ಇದು ಆರ್ಡರ್."

ತಮ್ಮ ನಿಂತಲ್ಲೇ ಗೋಡೆಗೆ ಹಣೆ ಒತ್ತಿಕೊಂಡ. ಪೈಪು ಅವನ ಬೆನ್ನ ಮೇಲೆ ಕೈಯಿಟ್ಟು, "ಹುಟ್ಟೋದು ಗಂಡಾದ್ರೆ ನನ್ನ ಹೆಸರಿಡು, ಹೆಣ್ಣಾದ್ರೆ ಪಾಪ ಬೇಡ" ಅಂದ. ಆ ಹೊತ್ತಿನಲ್ಲೂ ನಕ್ಕೆವು.

ನನಗೆ ಆದದ್ದು ಖುಷಿ. ಬರೆದಿಡುತ್ತೇನೆ, ಸುಳ್ಳು ಯಾಕೆ? ನನ್ನ ಕೈ ತಪ್ಪಿನಿಂದ ಸಾಯಲು ಹೊರಟಿರುವವರು ಎದುರಿಗೇ ನಿಂತಿದ್ದರು, ನನಗೆ ತಮ್ಮ ಉಳಿದ ಅಂತ ಖುಷಿಯಾಯಿತು. ಥೂ.

ಮಾರ್ಚ್ 21

ಠಾಣೆಯ ಬಾಯ್ಲರ್ ಕೋಣೆಯಲ್ಲಿ ಆಯಿತು. ಎಲ್ಲಿ ಸುಡಬೇಕು ಅಂತ ಪೆನ್ನಿನಲ್ಲಿ ಗೆರೆ ಹಾಕಿದವನು ನಾನು. ಅಂಚು ಅಂಕುಡೊಂಕಾಗಿ ಬರೆದೆ, ಚೌಕವಾಗಿ ಸುಟ್ಟರೆ ಅದೂ ಬಾವುಟವೇ. ಕಾಯಿಸಿದ ಕಬ್ಬಿಣ ಹಿಡಿದವನೂ ನಾನೇ. ಬೇರೆ ಯಾರ ಕೈಗೂ ಆ ಉಬ್ಬಿನ ಅಳತೆ ಗೊತ್ತಿಲ್ಲ. ಮೌನಿ ತಮ್ಮನ ತಲೆ ಹಿಡಿದ, ಅವಳಿಗಳು ಕೈ ಹಿಡಿದರು.

ತಮ್ಮ ಕೂಗಲಿಲ್ಲ. ನಾನು ಕೂಗಿದೆ.

ಬಾಯ್ಲರಿನ ಹಬೆ ಕೊಳವೆ ಸಿಡಿದು ಗಾಯ ಅಂತ ಏಣಿ ಮಾವ ಠಾಣೆಯ ಪುಸ್ತಕದಲ್ಲಿ ಬರೆದು ಸಹಿ ಹಾಕಿದ.

ಮಾರ್ಚ್ 24

ಏಳೂ ಜನರನ್ನು ಒಯ್ದರು.

ತಮ್ಮನ ಎದೆಯ ಬ್ಯಾಂಡೇಜ್ ಬಿಚ್ಚಿ ನೋಡಿ, ಪುಸ್ತಕ ನೋಡಿ, ಮುಖ ಸಿಂಡರಿಸಿ, ಮುಂದಕ್ಕೆ ಹೋಗು ಅಂದರಂತೆ. ಮುಂದೆ ಯಾರೂ ಇರಲಿಲ್ಲ.

ಮಾರ್ಚ್ 25

ಇವತ್ತು ತಮ್ಮ ಏಳು ಮನೆಗೂ ಹೋಗಿ ಬಂದ. ಜೊತೆಗೆ ಬರುತ್ತೇನೆ ಅಂದರೆ ಬೇಡ ಅಂದ. ಆರು ಮನೆಯಲ್ಲಿ ಅತ್ತರಂತೆ. ಪೈಪಿನ ತಾಯಿ ಮಾತ್ರ ಇವನ ಅಂಗಿಯ ಗುಂಡಿ ತೆಗೆದು ಗಾಯ ನೋಡಿ, "ನೋವಿದೆಯಾ ಮಗಾ?" ಅಂತ ಕೇಳಿದರಂತೆ. ಅಷ್ಟು ಹೇಳಿ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತ. ಎರಡು ಗಂಟೆ ಕೂತ. ಗಿರಾಕಿಗಳು ಬಂದು ಬಾಗಿಲಲ್ಲೇ ನಿಂತು ಹೋದರು.

ಒಯ್ದ ಏಳು ಜನರಲ್ಲಿ ಯಾರೂ ನನ್ನ ಹೆಸರನ್ನು ಹೇಳಿಲ್ಲ. ಹೇಳಿದ್ದರೆ ನಾನು ಇಷ್ಟು ಹೊತ್ತಿಗೆ ಇಲ್ಲಿ ಇರುತ್ತಿರಲಿಲ್ಲ. ಎಲೆ ಬರೆದವನು ಯಾರು ಅಂತ ಕೇಳದೆ ಬಿಟ್ಟಿರುತ್ತಾರಾ?

ಮಾರ್ಚ್ 30

ಕೊಕ್ಕರೆ ಮುಚ್ಚಿಸಲು ಒಬ್ಬ ಮುದುಕ ಬಂದ. ಸೂಜಿ ಕೆಟ್ಟಿದೆ ಅಂದೆ. ಕೆಟ್ಟಿರಲಿಲ್ಲ. ಆಮೇಲೆ ಮನಸ್ಸು ತಡೆಯದೆ ಬೀದಿಯವರೆಗೂ ಓಡಿಹೋಗಿ ಕರೆತಂದೆ. ಅವನ ಕೊಕ್ಕರೆಯನ್ನು ಮುಚ್ಚುವ ಮೊದಲು ಕಾಗದದ ಮೇಲೆ ಇಳಿಸಿಕೊಂಡೆ. ಯಾಕೋ. ಗೆರೆ ಚೆನ್ನಾಗಿತ್ತು.

ಏಪ್ರಿಲ್ 2

ಠಾಣೆಗೆ ಹೊಸ ಆರ್ಡರ್ ಬಂದಿದೆ. ಆರನೇ ತಾರೀಕು ಊರಿನ ಎಲ್ಲ ಕಚೇರಿಗಳಲ್ಲೂ ಹೊಸ ಬಾವುಟ ಏರಬೇಕು, ಆಯಾ ಕಚೇರಿಯ ನೌಕರನ ಕೈಯಿಂದಲೇ. ನಮ್ಮ ಠಾಣೆಯಲ್ಲಿ ಉಳಿದಿರುವವನು ಒಬ್ಬನೇ. ಅವನೇ ಶುದ್ಧನಂತೆ, ನಿಷ್ಠಾವಂತನಂತೆ. ಕಾಗದದಲ್ಲಿ ಹಾಗೇ ಬರೆದಿದೆ.

"ಏರಿಸಿಬಿಡು" ಅಂದೆ. "ಹತ್ತು ನಿಮಿಷದ ಕೆಲಸ. ಹಗ್ಗ ಎಳಿ, ಸಲ್ಯೂಟ್ ಹೊಡಿ, ಮನೆಗೆ ಬಾ. ಇನ್ನೇನು ಹೆರಿಗೆ ಹತ್ತಿರ ಬಂತು."

"ಏರಿಸ್ತೀನಿ ಅಣ್ಣ" ಅಂದ. ಇಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ನನಗೇ ಸಿಟ್ಟು ಬಂತು. ಏಳು ಜನ ಒಳಗಿರುವಾಗ ಇವನು ಏರಿಸುತ್ತಾನಂತೆ. ಆಮೇಲೆ ನೆನಪಾಯಿತು, ಹೇಳಿದವನು ನಾನೇ ಅಲ್ಲವೇ?

ಏಪ್ರಿಲ್ 6

ಠಾಣೆಯ ಅಂಗಳದಲ್ಲಿ ಸುಮಾರು ಮುನ್ನೂರು ಜನ. ಬರಲೇಬೇಕು ಅಂತ ಅಂಗಡಿಯವರನ್ನೆಲ್ಲ ಕರೆಸಿದ್ದರು. ಹಲ್ಲಿನ ಡಾಕ್ಟರು ನನ್ನ ಪಕ್ಕದಲ್ಲಿ. ಗೋಡೆಯ ಮೊಳೆಗಳಲ್ಲಿ ಏಳು ಹೆಲ್ಮೆಟ್ಟು ಹಾಗೇ ತೂಗುತ್ತಿದ್ದವು, ಯಾರಿಗೂ ತೆಗೆಯಬೇಕು ಅನ್ನಿಸಿರಲಿಲ್ಲ. ತಮ್ಮ ಬಿಳಿ ಸಮವಸ್ತ್ರದಲ್ಲಿ ಬಂದ. ಅಧಿಕಾರಿ ಮೈಕು ಹಿಡಿದು ಬೂದಿ ಬಣ್ಣಕ್ಕೂ ಕೆಂಪು ಚೌಕಕ್ಕೂ ಅರ್ಥ ಹೇಳಿದ. ಕೇಳಿಸಿಕೊಳ್ಳಲಿಲ್ಲ.

ತಮ್ಮ ಹಗ್ಗ ಎಳೆದ. ಕೈ ಮೇಲೆತ್ತಿದಾಗೆಲ್ಲ ಎದೆಯ ಮೇಲೆ ಕೆಂಪು ಕಲೆ ಅಗಲವಾಗುತ್ತಿತ್ತು. ಗಾಯ ಬಾಯಿ ಬಿಟ್ಟಿತ್ತು. ಬಾವುಟ ತುದಿಯವರೆಗೂ ಹೋಯಿತು, ಬಿಚ್ಚಿಕೊಂಡಿತು. ಶಾಲೆಯ ಮಕ್ಕಳು ಹೊಸ ಹಾಡು ಶುರು ಮಾಡಿದರು. ಆಗ ಅವನು ನಿಧಾನವಾಗಿ ಹಗ್ಗ ಬಿಟ್ಟ. ಬಾವುಟ ಇಳಿಯಿತು, ಸರಿಯಾಗಿ ಅರ್ಧಕ್ಕೆ ಬಂದು ನಿಂತಿತು.

ಸತ್ತವರಿಗಾಗಿ ಬಾವುಟ ಇಳಿಸುವ ಕ್ರಮ ಅದು. ಮೊದಲು ತುದಿ ಮುಟ್ಟಿಸಬೇಕು, ಆಮೇಲೆ ಅರ್ಧಕ್ಕೆ ತರಬೇಕು. ಹಾಗಾದರೆ ಏಳು ಜನ ಒಳಗಿಲ್ಲ, ಬದುಕಿಯೇ ಇಲ್ಲ. ಇವನಿಗೆ ಗೊತ್ತಿತ್ತು. ಯಾವಾಗ ಗೊತ್ತಾಯಿತೋ, ಏಳು ಮನೆಗೂ ಮತ್ತೆ ಯಾವಾಗ ಹೋಗಿ ಹೇಳಿ ಬಂದನೋ, ನನಗೆ ಹೇಳಿರಲಿಲ್ಲ.

"ಏನಾಯ್ತು? ಮೇಲೆ ಎಳಿ!" ಅಂತ ಅಧಿಕಾರಿ ಮೈಕಿನಲ್ಲೇ ಕೂಗಿದ.

"ಹಗ್ಗ ಕಚ್ಚಿಕೊಂಡಿದೆ ಸರ್. ಹತ್ತಿ ಬಿಡಿಸ್ತೀನಿ."

ಅವನೇ ಏಣಿ ತಂದ, ಅವನೇ ನಿಲ್ಲಿಸಿದ, ಬುಡ ಹಿಡಿಯಿರಿ ಅಂತ ಇಬ್ಬರು ಸಿಪಾಯಿಗಳಿಗೇ ಹೇಳಿದ. ಪಾಪ, ಅವರು ಹಿಡಿದುಕೊಂಡರು. ಹತ್ತಿದ. ಬಾವುಟವನ್ನು ಕಂಬಕ್ಕೆ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದ. ಸೊಂಟದ ಚಾಕು ತೆಗೆದು ಹಗ್ಗವನ್ನು ಕತ್ತರಿಸಿದ. ಹಗ್ಗ ಕೆಳಗೆ ಬಿತ್ತು. ಇಳಿದು ಬಂದು, ಬಿದ್ದ ಹಗ್ಗವನ್ನು ಮೊಣಕೈಗೆ ಸುತ್ತಿ ಪಕ್ಕಕ್ಕಿಟ್ಟು, ಕಂಬಕ್ಕೆ ಬೆನ್ನು ಮಾಡಿ, ಗೋಡೆಯ ಮೇಲಿನ ಏಳು ಹೆಲ್ಮೆಟ್ಟಿಗೆ ಸಲ್ಯೂಟ್ ಹೊಡೆದ.

ಮಕ್ಕಳು ಹಾಡು ಪೂರ್ತಿ ಮುಗಿಸಿದವು. ಅಷ್ಟು ಹೊತ್ತು ಬೇಕಾಯಿತು ಆ ಅಧಿಕಾರಿಗೆ ವಿಷಯ ತಲೆಗೆ ಹೋಗಲು.

ತಮ್ಮ ಏನಾದರೂ ಎಡವಟ್ಟು ಮಾಡಿದರೆ ಅಧಿಕಾರಿಯ ಕಾಲಿಗೆ ಬೀಳಬೇಕು, ತಲೆ ಕೆಟ್ಟಿದೆ ಸ್ವಾಮಿ, ಗಾಯದ ಜ್ವರ ಅನ್ನಬೇಕು ಅಂತ ಮನೆಯಿಂದಲೇ ಮಾತು ಜೋಡಿಸಿಕೊಂಡು ಹೋಗಿದ್ದೆ. ಬೀಳಲಿಲ್ಲ. ಕಾಲು ಬರಲಿಲ್ಲ ಅಂತ ಬರೆಯಬಹುದು, ಆದರೆ ಕಾಲು ಚೆನ್ನಾಗಿಯೇ ಇತ್ತು. ಸಿಪಾಯಿಗಳು ಹಿಡಿದು ವ್ಯಾನಿಗೆ ಹತ್ತಿಸುವಾಗ ತಮ್ಮ ಜನರ ನಡುವೆ ಹುಡುಕಿ ನನ್ನನ್ನು ನೋಡಿದ. ನಾನೂ ನೋಡಿದೆ. "ನಿಮ್ಮ ಟೋಪಿ" ಅಂತ ಡಾಕ್ಟರು ಪಿಸುಗುಟ್ಟಿದರು. ಟೋಪಿ ನನ್ನ ಕೈಯಲ್ಲಿತ್ತು, ಸತ್ತವರ ಮುಂದೆ ತೆಗೆಯುವ ಹಾಗೆ ಯಾವಾಗ ತೆಗೆದೆನೋ. ಡಾಕ್ಟರದ್ದೂ ಅವರ ಕೈಯಲ್ಲೇ ಇತ್ತು.

ಅವನ ಹೆಂಡತಿಗೆ ನಾನೇ ಹೋಗಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. "ಅರ್ಧಕ್ಕೆ ಸರಿಯಾಗಿ ನಿಂತಿತ್ತಾ ಭಾವ?" ಅಂತ ಕೇಳಿದಳು. ನಿಂತಿತ್ತು ಅಂದೆ. ಆಮೇಲೆ ಅತ್ತಳು. ನಾನೂ ಅತ್ತೆ, ನಾಚಿಕೆಪಡಲಿಲ್ಲ.

ಬರುವಾಗ ಠಾಣೆಯ ಮುಂದೆಯೇ ಬಂದೆ. ಸಿಪಾಯಿಗಳು ಕಂಬದ ಸುತ್ತ ಸುತ್ತುತ್ತಿದ್ದರು. ಒಬ್ಬ ಏಣಿಯ ಅರ್ಧ ಹತ್ತಿ ತಲೆ ತಿರುಗಿ ಇಳಿದ. ಇನ್ನೊಬ್ಬ ಬುಡದಲ್ಲೇ ಕೈಮುಗಿದ. ಅಷ್ಟು ಎತ್ತರ ಹತ್ತಿ ಆ ಗಂಟು ಬಿಚ್ಚಲು ಬರುತ್ತಿದ್ದ ಎಂಟು ಮಂದಿಯನ್ನೂ ಇವರೇ ಒಯ್ದಿದ್ದಾರೆ. ಬೇರೆ ಊರಿಂದ ಆಳು ಕರೆಸಲು ಎರಡು ದಿನವಾದರೂ ಬೇಕಂತೆ.

ನಾಳೆ ಬೆಳಗ್ಗೆ ಅಮ್ಮನನ್ನೂ ತಮ್ಮನ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಆ ಬಾವುಟ ತೋರಿಸಬೇಕು. ಅಂಗಡಿ ತೆಗೆಯುವುದಿಲ್ಲ.